ಬೂಟಿನೊಳಗೆ ನಿಲ್ಲುವ ಹಾಗಿಲ್ಲ

ಬಸ್ಸಿನ ಮುಂದಿನ ಗಾಜನ್ನು ವಾಸ್ಸಾ ಮತ್ತೊಮ್ಮೆ ಒರೆಸಿದಳು. ಗಾಜಿನಲ್ಲಿ ಕೊಳೆ ಏನೂ ಇರಲಿಲ್ಲ. ಇದ್ದದ್ದೆಲ್ಲ ಅವಳ ಗಂಟಲಲ್ಲಿ. ಬೆಳಗ್ಗೆ ಎದ್ದಾಗಿನಿಂದ ಅಲ್ಲೊಂದು ಗಂಟು, ನುಂಗಿದರೆ ಇಳಿಯದು, ಕೆಮ್ಮಿದರೆ ಬರದು. ಹಳೆ ಪಂಚಾಂಗದ ಪ್ರಕಾರ ಇವತ್ತು ಪೇತ್ರನ ಹಬ್ಬ, ಸತ್ತವರಿಗೆ ಊಟ ಹಾಕುವ ದಿನ. ಕಿಕ್ಸಿಯ ಮನೆಮನೆಯಲ್ಲೂ ನಸುಕಿಗೇ ಒಲೆ ಹೊತ್ತಿ, ಜೇನು ಬೆರೆಸಿದ ಗೋಧಿಯ ಘಮ ಬಸ್ಸಿನ ತನಕ ಬಂದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಹೆಂಗಸರು ಬುಟ್ಟಿ ಹೊತ್ತು ಬಂದು ಹತ್ತುತ್ತಾರೆ. ಲೂಹ್ನಾದ ಚರ್ಚಿನ ಹಿಂದೆ ತಮ್ಮ ತಮ್ಮವರ ಗೋರಿಗಳ ಮೇಲೆ ಬಿಳಿ ಬಟ್ಟೆ ಹಾಸಿ, ಹಿರಿಯರ ಜೊತೆ ಕೂತು ಉಣ್ಣುತ್ತಾರೆ, ಎರಡು ಮಾತು ಬೈಯುತ್ತಾರೆ, ಅಳುತ್ತಾರೆ, ಆಮೇಲೆ ಹಾಡುತ್ತಾರೆ. ಅವರನ್ನೆಲ್ಲ ಅಲ್ಲಿಗೆ ಮುಟ್ಟಿಸುವವಳು ಇವಳು. ಅಲ್ಲಿ ಇವಳವರ ಗೋರಿ ಒಂದೂ ಇಲ್ಲ. ಇವಳ ಅಪ್ಪ ಅಮ್ಮ ಮಲಗಿರುವುದು ದಾರಿಯ ಮಧ್ಯೆ, ಬೂಟಿನೊಳಗೆ.

ಬೂಟು ಎಂದರೆ ರಷ್ಯಾದ ನೆಲ. ಕಿಕ್ಸಿಯಿಂದ ಲೂಹ್ನಾಕ್ಕೆ ಹೋಗುವ ಒಂದೇ ದಾರಿ ಪಶ್ಚಿಮ ದೇಶಗಳ ಒಕ್ಕೂಟದ ಗಡಿ ದಾಟಿ, ಬೂಟಿನ ಆಕಾರದ ಒಂದು ತುಂಡು ಪರದೇಶದಲ್ಲಿ ಹಾದು, ಮತ್ತೆ ಒಕ್ಕೂಟಕ್ಕೇ ಬಂದು ಸೇರುತ್ತದೆ. ಹಿಂದೆ ಯಾವನೋ ಪುಣ್ಯಾತ್ಮ ಕಚೇರಿಯಲ್ಲಿ ಕೂತು ಗೆರೆ ಎಳೆಯುವಾಗ ಕೈ ಸೊಟ್ಟಗಾಯಿತೋ, ಕುಡಿದದ್ದು ಹೆಚ್ಚಾಯಿತೋ, ಅಂತೂ ಅಲ್ಲೊಂದು ಬೂಟು ಬಿತ್ತು. ಎರಡೂ ಕಡೆಯವರು ಮಾಡಿಕೊಂಡ ಒಪ್ಪಂದ ಇಷ್ಟೇ: ಬೂಟಿನೊಳಗೆ ಹಾಯುವವರನ್ನು ಯಾರೂ ಕಾಗದ ಕೇಳುವುದಿಲ್ಲ, ಆದರೆ ಗಾಡಿ ನಿಲ್ಲಬಾರದು, ಕಾಲು ನೆಲಕ್ಕೆ ತಾಗಬಾರದು. ಅಣಬೆ ಕಂಡಿತೆಂದು ಇಳಿದವರು, ಕುಡಿದದ್ದನ್ನು ಖಾಲಿ ಮಾಡಲು ಇಳಿದವರು ಆ ಕಡೆಯ ಠಾಣೆಯಲ್ಲಿ ದಿನವಿಡೀ ಕೂತು ಪೆಚ್ಚುಮೋರೆ ಹೊತ್ತು ಬಂದಿದ್ದಾರೆ. ವಾಸ್ಸಾಳ ಬಸ್ಸು ಅಲ್ಲಿ ಒಂದು ಸಲವೂ ನಿಂತದ್ದಿಲ್ಲ. ಹಿಮ ಬಿದ್ದಾಗಲೂ ಇಲ್ಲ, ರಸ್ತೆಗೆ ಕಾಡುಹಂದಿ ಅಡ್ಡ ಬಂದಾಗಲೂ ಇಲ್ಲ. ಊರಲ್ಲಿ ಅವಳಿಗೆ ಇರುವ ಮರ್ಯಾದೆ ಎಂದರೆ ಅದೊಂದೇ. ನಾಳೆಯಿಂದ ಅದೂ ಇಲ್ಲ. ಕಾಡು ಸುತ್ತಿಕೊಂಡು ಹೋಗುವ ಹೊಸ ದಾರಿ ಸಿದ್ಧವಾಗಿದೆ. ಬೂಟಿನ ದಾರಿಗೆ ಎರಡೂ ತುದಿಯಲ್ಲಿ ಕಾಂಕ್ರೀಟ್ ದಿಮ್ಮಿ ಇಟ್ಟು ಮುಚ್ಚುತ್ತಾರಂತೆ. ನಾಳೆಯಿಂದ ಅಮ್ಮನ ಗೋರಿ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ತನಗೆ ಆಗುತ್ತಿರುವುದು ದುಃಖವೋ ನಿರಾಳವೋ ಎಂದು ವಾಸ್ಸಾ ರಾತ್ರಿಯಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು, ಉತ್ತರ ಬರುವ ಮೊದಲೇ ಗಾಜು ಒರೆಸಲು ಬಟ್ಟೆ ಹುಡುಕುತ್ತಿದ್ದಳು.

"ಏ ವಾಸ್ಸಾ, ಗಾಜು ಒರೆಸಿ ಒರೆಸಿ ತೂತು ಮಾಡ್ತೀಯೇನೇ? ಬಾಗಿಲು ತೆಗಿ!"

ಒಕ್ಸಾ ಅತ್ತೆಯ ದನಿ. ಗಂಡನ ಸೋದರತ್ತೆ, ಊರಿನ ಹಾಡುಮೇಳದ ಯಜಮಾನಿ. ಬೆನ್ನು ಬಾಗಿದ್ದರೂ ನಾಲಿಗೆ ನೆಟ್ಟಗಿತ್ತು. ಅವಳ ಹಿಂದೆ ಏದುಸಿರು ಬಿಡುತ್ತಾ ದಪ್ಪ ಫೆಕ್ಲಾ, ಅವಳ ಹಿಂದೆ ಮೇಳದ ಉಳಿದ ಹೆಂಗಸರು. ಎಲ್ಲರ ಎದೆಯ ಮೇಲೂ ತಟ್ಟೆಯಗಲದ ಬೆಳ್ಳಿ ಪದಕ, ಅದರ ಕೆಳಗೆ ಸರದ ಮೇಲೆ ಸರ. ಮೆಟ್ಟಿಲು ಹತ್ತುವಾಗ ಇಡೀ ಬಸ್ಸು ಝಣಝಣ ಎಂದಿತು. ವಾಸ್ಸಾಳ ಮೈಮೇಲೆ ಕಂಪನಿಯ ನೀಲಿ ಅಂಗಿ, ಕತ್ತಿನಲ್ಲಿ ಹೆಸರಿನ ಬಿಲ್ಲೆ. ಅಮ್ಮನ ಪದಕ ಮನೆಯ ಪೆಟ್ಟಿಗೆಯಲ್ಲಿತ್ತು. ಡ್ಯೂಟಿಯ ದಿನ ಹಾಕುವ ಹಾಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು, ಯಾರೂ ಬೇಡ ಅಂದಿರಲಿಲ್ಲ. ಕೊನೆಗೆ ಹತ್ತಿದವನು ಮುದುಕ ಸೆಮ್ಮೊ, ಕಂಕುಳಲ್ಲಿ ಕಾಗದ ಸುತ್ತಿದ ಬಾಟಲಿ.

"ಹೆಂಗಸ್ರೆಲ್ಲ ಬೆಳ್ಳಿ ಹೇರ್ಕೊಂಡು ಬಂದಿದೀರಿ. ಬಸ್ಸು ಎಳೀತದೇನೇ ವಾಸ್ಸಾ?"

"ನಿನ್ನ ಹೊಟ್ಟೇಲಿರೋ ಹಾನ್ಸ ಸಾರಾಯಿಗಿಂತ ಭಾರ ಇಲ್ಲ ಬಿಡೋ," ಅಂದಳು ಒಕ್ಸಾ. "ಬೆಳಿಗ್ಗೇನೇ ಏರ್ಸಿದೀಯಾ?"

"ವಾಸನೆ ನೋಡ್ದೆ ಅಷ್ಟೇ. ಮನೇಲಿ ಇಳಿಸಿದ್ದು ಕೆಟ್ಟಿದ್ರೆ ಸತ್ತೋರಿಗೆ ಹೊಟ್ಟೆನೋವು ಬರಲ್ವಾ?"

ಹೆಂಗಸರು ನಕ್ಕರು. ವಾಸ್ಸಾ ಕನ್ನಡಿಯಲ್ಲಿ ನೋಡುತ್ತಾ ನಗಲು ಪ್ರಯತ್ನಿಸಿದಳು. ಒಕ್ಸಾ ಅತ್ತೆ ಬೇಕೆಂದೇ ಚಾಲಕಿಯ ಬೆನ್ನಿಗೇ ಇರುವ ಸೀಟಿನಲ್ಲಿ ಕೂತು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಬುಟ್ಟಿಯಿಂದ ಶಾಜೀರಿಗೆ ಹಾಕಿದ ಗಿಣ್ಣಿನ ವಾಸನೆ ಬಂತು. ಅಮ್ಮ ಗಿಣ್ಣು ಕಟ್ಟುವಾಗ ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಹಿಂಡುತ್ತಾ ಹಾಡುತ್ತಿದ್ದಳು, ಮೊಣಕೈ ತನಕ ಹಾಲು ನೀರಾಗಿ ಇಳಿಯುತ್ತಿತ್ತು, ಆ ಕೈಯಲ್ಲೇ ವಾಸ್ಸಾಳ ಮೂಗು ಹಿಡಿದು ಎಳೆಯುತ್ತಿದ್ದಳು.

"ನಿಮ್ಮಮ್ಮಂಗೆ ಏನೇ ತಂದಿದೀಯ?" ಬೆನ್ನ ಹಿಂದಿನಿಂದ ಪ್ರಶ್ನೆ.

"ಡ್ಯೂಟಿ ಮೇಲಿದೀನಿ ಅತ್ತೆ."

"ಡ್ಯೂಟಿ! ಮೂರು ವರ್ಷದಿಂದ ಡ್ಯೂಟಿ. ಹೆತ್ತ ಮಗಳು ದನಿ ತೆಗೆದು ಅಳ್ದೇ ಇದ್ರೆ ತಾಯಿ ಆ ಕಡೆ ಹೊಸ್ತಿಲಲ್ಲೇ ಕೂತಿರ್ತಾಳೆ, ಒಳಗೆ ಯಾರೂ ಕರೆಯಲ್ಲ. ಗೊತ್ತಿದೆಯೋ ಇಲ್ವೋ?"

"ಬಿಡಕ್ಕಾ, ಹಬ್ಬದ ದಿನ," ಅಂದಳು ಫೆಕ್ಲಾ.

"ಹಬ್ಬದ ದಿನ ಅಂತಲೇ ಹೇಳ್ತಿರೋದು. ಇವಳಮ್ಮ ಇರಿನ್ಯಾ ಬಾಯಿ ತೆಗೆದ್ರೆ ಗದ್ದೇಲಿ ಕೊಕ್ಕರೆ ತಲೆಯೆತ್ತಿ ನಿಲ್ತಿತ್ತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ಇಲ್ಲಿ ನೂಲೇ ತುಂಡಾಗಿ ಕೂತಿದೆ."

ವಾಸ್ಸಾ ಬಾಗಿಲು ಮುಚ್ಚುವ ಗುಂಡಿ ಒತ್ತಿದಳು. ಬಸ್ಸು ಹೊರಟಿತು. ಕಿವಿ ಬಿಸಿಯಾಗಿತ್ತು. ಇದೇನು ಹೊಸದಲ್ಲ, ಹೋದ ವರ್ಷ ಸುಗ್ಗಿಯ ಹಬ್ಬದಲ್ಲಿ ಆದದ್ದಕ್ಕಿಂತ ಇದು ವಾಸಿ. ಅವತ್ತು ಇದೇ ಒಕ್ಸಾ ಅತ್ತೆ ಎಲ್ಲರೆದುರು, ಈಗ ಇರಿನ್ಯಾಳ ಮಗಳು ಎತ್ತಲಿ ಎಂದು ಮುಂದೆ ನೂಕಿದ್ದಳು. ಗಡಿಯ ಎರಡೂ ಕಡೆ ಹರಡಿರುವ ಇವರ ಸೆತೊ ಜನದ ಹೆಂಗಸರ ಹಾಡು ಎಂದರೆ ಒಬ್ಬಳು ಸಾಲು ಕಟ್ಟಿ ಎತ್ತಬೇಕು, ಉಳಿದವರು ಸಾಲಿನ ಬಾಲ ಹಿಡಿದು ತಿರುಗಿ ಹಾಡಬೇಕು, ಅವರು ಬಾಲ ಬಿಡುವ ಹೊತ್ತಿಗೆ ಎತ್ತುವವಳ ಬಾಯಲ್ಲಿ ಮುಂದಿನ ಸಾಲು ಸಿದ್ಧವಿರಬೇಕು. ಕಲಿತು ಹಾಡುವುದಲ್ಲ, ಅಲ್ಲೇ ಆಗಲೇ ಹುಟ್ಟಬೇಕು. ವಾಸ್ಸಾ ಮೊದಲ ಸಾಲು ಎತ್ತಿದಳು. ಮೇಳ ಬಾಲ ಹಿಡಿಯಿತು. ಎರಡನೆಯ ಸಾಲು ಬರಲಿಲ್ಲ. ಮೇಳ ಅದೇ ಬಾಲವನ್ನು ಮತ್ತೆ ಹಿಡಿಯಿತು, ಇನ್ನೊಮ್ಮೆ ಹಿಡಿಯಿತು, ಅವಳ ಬಾಯಿ ತೆರೆದೇ ಇತ್ತು, ಪಟ್ಟಣದಿಂದ ಬಂದವರು ಇದೂ ಹಾಡಿನ ಒಂದು ಬಗೆಯಿರಬೇಕೆಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ! ಅವತ್ತಿನಿಂದ ಮೇಳದಲ್ಲಿ ಅವಳು ಹಿಂದಿನ ಸಾಲಿನಲ್ಲಿ ನಿಂತು ಬಾಯಿ ಆಡಿಸುತ್ತಾಳೆ, ದನಿ ಹೊರಡಿಸುವುದಿಲ್ಲ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಾಳೆ.

ಸೆಮ್ಮೊನ ಮನೆ ದಾಟಿತು. ಊರಿನ ಕೊನೆಯ ಮನೆ, ಹಿತ್ತಿಲಿನ ಕಕ್ಕಸಿನ ಹಿಂದೆಯೇ ಗಡಿಯ ಗೂಟ. "ನೋಡ್ರೀ ನೋಡ್ರೀ," ಅಂದ ಸೆಮ್ಮೊ, ದಿನವೂ ಹೇಳುವುದನ್ನೇ. "ಅಲ್ಲೆಲ್ಲೋ ಪೋರ್ಚುಗಲ್ಲಿನ ಸಮುದ್ರದ ದಡದಲ್ಲಿ ಹೊರಟ ಒಕ್ಕೂಟ, ಅಷ್ಟು ದೇಶ ದಾಟಿ, ಬಂದು ಬಂದು ನನ್ನ ಕಕ್ಕಸಿನ ಹಿಂದೆ ಮುಗೀತು. ರಾಜಧಾನಿಯಿಂದ ದೊಡ್ಡ ದೊಡ್ಡೋರು ಬಂದು ಅಲ್ಲೇ ನಿಂತು ಫೋಟೋ ತೆಗೆಸ್ಕೊಂಡ್ರು. ಒಬ್ಬಳು ಕೇಳಿದ್ಲು, ಇಲ್ಲಿ ಇರಕ್ಕೆ ಹೆಂಗನ್ಸುತ್ತೆ ಅಂತ. ಒಳಗೆ ಹೋಗಿ ಕೂತ್ ನೋಡಮ್ಮ, ಗೊತ್ತಾಗುತ್ತೆ ಅಂದೆ."

ಎಲ್ಲರೂ ಗೊಳ್ಳೆಂದರು. ವಾಸ್ಸಾ ಮಾತ್ರ ಗೇರು ಬದಲಿಸಿದಳು. ಗಡಿ ಅಂದಾಗ ಅವಳಿಗೆ ಗೂಟ ನೆನಪಾಗುವುದಿಲ್ಲ, ಗಡಿಠಾಣೆಯ ಕಬ್ಬಿಣದ ಗೇಟು ನೆನಪಾಗುತ್ತದೆ. ಅಮ್ಮ ಹೋದ ಸುದ್ದಿ ಬಂದ ದಿನ ಅವಳು ಸಿಕ್ಕ ಬಟ್ಟೆಯಲ್ಲಿ ಆ ಗೇಟಿನ ತನಕ ಓಡಿದ್ದಳು. ಅಮ್ಮ ಕೊನೆತನಕ ಬೂಟಿನೊಳಗಿನ ತನ್ನೂರು ಸ್ಮೊಲ್ನ್ಯಾ ಬಿಟ್ಟು ಬರಲಿಲ್ಲ. ನಿಮ್ಮಪ್ಪ ಇಲ್ಲಿ ಮಲಗಿದಾನೆ, ನಾನು ಎಲ್ಲಿಗೆ ಬರ್ಲಿ, ಗೆರೆ ಬೇಕಾದ್ರೆ ಅತ್ತಿತ್ತ ಹೋಗ್ಲಿ, ನಾನು ಹೋಗಲ್ಲ ಅನ್ನುತ್ತಿದ್ದಳು. ಗೇಟು ಮುಚ್ಚಿತ್ತು, ಕಾವಲಿನ ಹುಡುಗಿ ಮೆಲ್ಲಗೆ, ಇವತ್ತು ಆಗಲ್ಲಮ್ಮ, ಕ್ಷಮಿಸಿ ಅಂದಳು. ಆ ಮಾತು ಕಿವಿಗೆ ಬಿದ್ದ ಕ್ಷಣ ವಾಸ್ಸಾಳ ಎದೆ ಹಗುರಾಯಿತು. ಹೌದು, ಹಗುರಾಯಿತು. ಆಮೇಲೆ ಅವಳು ಗೇಟು ಹಿಡಿದು ಅತ್ತದ್ದು ನಿಜ, ನೆಲಕ್ಕೆ ಕೂತದ್ದು ನಿಜ, ಆದರೆ ಮೊದಲು ಬಂದದ್ದು ಆ ಹಗುರ. ಸ್ಮೊಲ್ನ್ಯಾದ ಅಷ್ಟೂ ಹೆಂಗಸರು ಸುತ್ತ ನಿಂತು, ಇರಿನ್ಯಾಳ ಮಗಳು ಏನು ಎತ್ತುತ್ತಾಳೆ ನೋಡೋಣ ಎಂದು ಕಿವಿ ನಿಮಿರಿಸಿಕೊಂಡಿರುವಾಗ, ಆ ಮಣ್ಣಿನ ಮುಂದೆ ಬಾಯಿ ತೆರೆಯುವುದು ತಪ್ಪಿತಲ್ಲಾ ಎಂಬ ಹಗುರ. ಗೇಟು ತೆರೆದ ಮೇಲೆ ವೀಸಾಕ್ಕೆ ಹೋದಳು, ಸಿಗಲಿಲ್ಲ, ಇನ್ನೊಮ್ಮೆ ಹೋಗಲಿಲ್ಲ. ದಿನಕ್ಕೆರಡು ಬಾರಿ ಬೂಟಿನೊಳಗೆ ಅಮ್ಮನ ಪಕ್ಕದಲ್ಲೇ ಹಾಯುತ್ತಾಳೆ, ರಸ್ತೆಗೂ ಆ ಗೋರಿದಿಣ್ಣೆಗೂ ನಡುವೆ ಬರೀ ಒಂದು ಚರಂಡಿ. ಒಂದು ಸಲವೂ ಕತ್ತು ತಿರುಗಿಸಿಲ್ಲ. ಚಾಲಕಿ ರಸ್ತೆ ನೋಡಬೇಕಲ್ಲವೇ ಎಂದುಕೊಂಡಿದ್ದಾಳೆ.

ಪೈನ್ ಮರಗಳು ಶುರುವಾದವು. ದಾರಿಯ ಪಕ್ಕದಲ್ಲಿ ನೀಲಿ ಫಲಕ, ಅದರ ಮೇಲೆ ಚುಕ್ಕಿಗಳ ಬಳೆ. ಅದನ್ನು ದಾಟಿದರೆ ಕೆಂಪು ಹಸಿರು ಗೂಟ. ಬಸ್ಸಿನೊಳಗಿನ ಮಾತು ತಾನಾಗಿ ತಗ್ಗಿತು, ಇಲ್ಲಿ ಯಾವಾಗಲೂ ಹಾಗೆಯೇ. ಫೆಕ್ಲಾ ಶಿಲುಬೆ ಮಾಡಿಕೊಂಡಳು.

"ಇವತ್ತೇ ಕೊನೆ ಅಲ್ವೇನೇ ವಾಸ್ಸಾ?" ಅಂದಳು.

"ಹ್ಞೂ. ನಾಳೆಯಿಂದ ಕಾಡು ಸುತ್ತಿಕೊಂಡು."

"ಹಾಳಾಗ್ಲಿ. ನನ್ನ ಮೊಣಕಾಲಿಗೆ ಆ ಸುತ್ತು ಬೇರೆ."

ಬೂಟಿನ ಒಳಗೆ ದಾರಿ ಎಡಕ್ಕೆ ತಿರುಗುತ್ತದೆ. ತಿರುವಿನಾಚೆ ಇಬ್ಬರು ಸೈನಿಕರು ನಿಂತಿದ್ದರು. ಆ ಕಡೆಯವರು. ಹಿಂದೆಂದೂ ಅವರು ರಸ್ತೆಯ ಅಂಚಿಗೆ ಬಂದು ನಿಂತದ್ದಿಲ್ಲ. ಕೊನೆಯ ದಿನವೆಂದು ಅವರನ್ನೂ ಯಾರೋ ಕಳಿಸಿರಬೇಕು. ಒಬ್ಬ ತೀರಾ ಎಳೆಯವನು, ಸೊಳ್ಳೆ ಕಚ್ಚಿದ ಕತ್ತು ಕೆರೆದುಕೊಳ್ಳುತ್ತಿದ್ದ. ವಾಸ್ಸಾಳ ಕೈ ಸ್ಟೇರಿಂಗನ್ನು ಬಿಗಿಯಾಗಿ ಹಿಡಿಯಿತು. ಅವರನ್ನು ನೋಡಬಾರದೆಂದು ಕಣ್ಣು ಬಲಕ್ಕೆ ಹೊರಳಿತು, ಹೊರಳಿದ ಕಣ್ಣಿಗೆ ಗೋರಿದಿಣ್ಣೆ ಬಿತ್ತು.

ದಿಣ್ಣೆಯ ತುಂಬಾ ಬಿಳಿ ಬಟ್ಟೆಗಳು. ಆ ಕಡೆಯವರಿಗೂ ಇವತ್ತೇ ಹಬ್ಬವೆಂಬುದು ಅವಳಿಗೆ ಹೊಳೆದೇ ಇರಲಿಲ್ಲ! ಸ್ಮೊಲ್ನ್ಯಾದಲ್ಲಿ ಉಳಿದ ನಾಲ್ಕಾರು ಮುದುಕಿಯರು, ಪ್ಸ್ಕೋವ್ ಪಟ್ಟಣದ ಕಡೆಯಿಂದ ಬಂದ ಅವರ ಮಕ್ಕಳು, ಗೋರಿಗಳ ಮೇಲೆ ಬಟ್ಟೆ ಹಾಸಿ, ಮೊಟ್ಟೆ ಸುಲಿಯುತ್ತಾ, ಬಟ್ಟಲು ದಾಟಿಸುತ್ತಾ ಕೂತಿದ್ದರು. ಬರ್ಚ್ ಮರದ ಕೆಳಗೆ ಜೋಡಿ ಶಿಲುಬೆ. ಹಳೆಯದು ಅಪ್ಪನದು, ಪಕ್ಕದ್ದು ಇನ್ನೂ ಮರದ ಬಣ್ಣ ಹೋಗದ್ದು. ಅಷ್ಟೂ ಬಿಳಿಯ ನಡುವೆ ಅಲ್ಲಿ ಮಾತ್ರ ಹಸಿರು ಹುಲ್ಲು. ಬಟ್ಟೆಯಿಲ್ಲ, ಬಟ್ಟಲಿಲ್ಲ, ಪಕ್ಕದಲ್ಲಿ ಕೂತವರಿಲ್ಲ. ಊರಿಗೆಲ್ಲ ಎಲೆ ಹಾಕಿ ಒಬ್ಬಳನ್ನು ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಹಬ್ಬದ ದಿನ ಉಣ್ಣದ ಒಬ್ಬಳೇ ಒಬ್ಬಳು ಅಲ್ಲಿ ಅವಳ ಅಮ್ಮ.

ವಾಸ್ಸಾಳ ಕಾಲು ತಾನಾಗಿ ಮೇಲೆದ್ದಿತು. ಬಸ್ಸು ನಿಧಾನವಾಯಿತು.

"ಏನೇ? ಕೆಟ್ಟೋಯ್ತಾ?" ಒಕ್ಸಾ ಅತ್ತೆಯ ದನಿಯಲ್ಲಿ ಗಾಬರಿ. "ನಿಲ್ಸಬೇಡ್ವೇ! ಇಲ್ಲಿ ನಿಲ್ಸೋ ಹಾಗಿಲ್ಲ!"

"ನಿಲ್ಸಲ್ಲ ಅತ್ತೆ."

ಮೊದಲನೆಯ ಗೇರಿಗೆ ಇಳಿಸಿದಳು. ಬಸ್ಸು ಗುಡುಗುಟ್ಟುತ್ತಾ ತೆವಳಿತು, ಪಕ್ಕದಲ್ಲಿ ಕೋಳಿ ನಡೆದರೂ ಮುಂದೆ ಹೋದೀತು. ಬಲಗೈಯಿಂದ ಬಾಗಿಲಿನ ಮೇಲಿನ ಗಾಜಿನ ಗುಂಡಿ ಒತ್ತಿದಳು, ಎಡಗೈ ಸ್ಟೇರಿಂಗಿನ ಮೇಲೆ. ಹುಲ್ಲಿನ ವಾಸನೆ, ಮೇಣದಬತ್ತಿಯ ವಾಸನೆ ಒಳಗೆ ನುಗ್ಗಿತು. ವಾಸ್ಸಾ ಬಾಯಿ ತೆರೆದಳು. ಏನೂ ಬರಲಿಲ್ಲ. ಸುಗ್ಗಿಯ ಹಬ್ಬದ ಚಪ್ಪಾಳೆ ಕೇಳಿಸಿತು. ಸಾವಿನ ಅಳು ಹೇಗೆ ಎತ್ತುವುದು? ಅಮ್ಮ ಕಲಿಸಿರಲಿಲ್ಲ. ಅದನ್ನ ಕಲಿಸೋ ಹಾಗಿಲ್ಲ ಕಣೇ, ಕಲಿಸಿದ್ರೆ ಸಾವನ್ನ ಮನೆಗೆ ಕರೆದ ಹಾಗೆ, ಹೊತ್ತು ಬಂದಾಗ ತಾನಾಗೇ ಬರುತ್ತೆ ಅಂದಿದ್ದಳು, ಹುಲ್ಲು ಕೊಯ್ದ ಗದ್ದೆಯಲ್ಲಿ, ಕುಂಟೆಯ ಕೋಲಿಗೆ ಗಲ್ಲ ಊರಿ ನಿಂತು. ಅವತ್ತು ಬಿಸಿಲು ಹೇಗಿತ್ತು! ಬರಬೇಕಾದ ಹೊತ್ತು ಬಂದಿತ್ತು, ತಾನಾಗಿ ಏನೂ ಬರಲಿಲ್ಲ, ಜೋಡಿ ಶಿಲುಬೆ ಹತ್ತಿರವಾಯಿತು, ಇನ್ನು ದಾಟಿಯೇ ಬಿಡುತ್ತದೆ ಅನ್ನುವಾಗ ವಾಸ್ಸಾ ಕಣ್ಣು ಮುಚ್ಚದೆ, ಉಸಿರು ಎಳೆದು, ಬಾಯಿಗೆ ಬಂದದ್ದನ್ನು ಎತ್ತಿದಳು.

*ಹಾಲೂಡಿದ ತಾಯೇ, ಜೇನೂಡಿದ ತಾಯೇ,*
*ಹೊಸ್ತಿಲ ದೀಪವೇ, ಹಿತ್ತಿಲ ನೆರಳೇ...*

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ!" ಒಕ್ಸಾ ಎದ್ದೇ ನಿಂತಳು. "ಅದು ಮದುವೆ ಅಳು ಕಣೇ! ಮದುಮಗಳು ಮನೆ ಬಿಡೋವಾಗ ಅಳೋದು! ಗೋರಿ ಮುಂದೆ ಅದನ್ನ ಎತ್ತುತ್ತಾರೇನೇ ಹುಚ್ಚುಮುಂಡೇದೇ!"

ಹೌದು, ಅದೇ. ಆ ಗದ್ದೆಯಲ್ಲಿ ಇಡೀ ಬೇಸಗೆ ಅಮ್ಮ ಕಲಿಸಿದ್ದು ಅದನ್ನೇ. ಈಗಿನ ಕಾಲದಲ್ಲಿ ಯಾರಮ್ಮ ಮದುವೆಗೆ ಅಳ್ತಾರೆ ಎಂದು ವಾಸ್ಸಾ ಸಿಡುಕಿದ್ದಳು, ನೀನು ಅಳ್ತೀಯ ಅಂದಿದ್ದಳು ಅಮ್ಮ. ಸಾವಿನ ಅಳುವಿಗೆ ಜೊತೆ ಇಲ್ಲ, ಅಳುವವಳು ಒಬ್ಬಳೇ, ಅದರ ದನಿ ಕೊನೆಗೆ ನೆಲಕ್ಕಿಳಿದು ಮುಗಿಯುತ್ತದೆ. ಮದುವೆಯ ಅಳು ಹಾಗಲ್ಲ. ಅದರ ಕೊನೆ ಮೇಲಕ್ಕೆದ್ದು ನಿಲ್ಲುತ್ತದೆ, ಗೆಳತಿಯರು ಹಿಡಿಯಲೆಂದು ಬಾಲ ಬಿಡುತ್ತದೆ. ಬಿಟ್ಟ ಬಾಲ ಈಗ ಬಸ್ಸಿನ ನಡುವೆ ಗಾಳಿಯಲ್ಲಿ ನಿಂತಿತ್ತು. ಯಾರೂ ಹಿಡಿಯಲಿಲ್ಲ. ಎಳೆಯ ಸೈನಿಕ ಕತ್ತು ಕೆರೆಯುವುದನ್ನು ಬಿಟ್ಟು, ಕೈ ಬೀಸಿ "ದವಾಯ್, ದವಾಯ್, ನಡಿ!" ಎಂದು ಕೂಗಿದ. ಎಂಜಿನ್ ಕೆಮ್ಮಿತು. ವಾಸ್ಸಾ ಕ್ಲಚ್ಚನ್ನು ಅರ್ಧ ಹಿಡಿದು, ಪಾದದ ತುದಿಯಲ್ಲಿ ಅದನ್ನು ಬದುಕಿಸಿಕೊಂಡಳು. ಆಗಿ ಹೋಯಿತು, ಮತ್ತೆ ಅದೇ ಆಯಿತು, ಕೊನೆಯ ದಿನವೂ ಇಷ್ಟೇ ಎಂದುಕೊಂಡಳು.

"ಹಿತ್ತಿಲ ನೆರಳೇ..." ಎಂದಿತು ಒಂದು ದನಿ.

ಫೆಕ್ಲಾ. ಅವಳೇನೂ ಯೋಚಿಸಿ ಹಾಡಿದವಳಲ್ಲ. ಚಿಕ್ಕಂದಿನಿಂದ ಬಾಲ ಹಿಡಿದು ಹಿಡಿದು ಪಳಗಿದ ಬಾಯಿ, ಬಾಲ ಎದುರಿಗೆ ನೇತಾಡುತ್ತಿದ್ದರೆ ಸುಮ್ಮನಿರಲು ಅವಳಿಂದಾಗಲಿಲ್ಲ. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ದಪ್ಪ ದನಿಗಳು ಒಂದರ ಕೆಳಗೊಂದು ಕೂತು, ಬಸ್ಸಿನ ತಗಡು ಅದುರುವ ಹಾಗೆ *ಹಿತ್ತಿಲ ನೆರಳೇ* ಎಂದವು. ಕಿಟಕಿಗಳು ಒಂದೊಂದಾಗಿ ಸರಿದವು. ಅವರು ಬಾಲ ಬಿಡುವ ಹೊತ್ತಿಗೆ ಮುಂದಿನ ಸಾಲು ಬೇಕಿತ್ತು. ಮದುಮಗಳ ಮುಂದಿನ ಸಾಲು ಬಾಗಿ ಕಾಲು ಮುಟ್ಟುವ ಸಾಲು. ವಾಸ್ಸಾ ಬಾಗುವುದು ಹೇಗೆ, ಕೈಯಲ್ಲಿ ಬಸ್ಸಿದೆ. ಅದನ್ನೇ ಎತ್ತಿದಳು.

*ಬಾಗಲಾರೆ ತಾಯೇ, ಕೈಯಲ್ಲಿ ಚಕ್ರ,*
*ಇಳಿಯಲಾರೆ ತಾಯೇ, ಕಾಲಿಗೆ ಕಾನೂನು...*

"ಕಾಲಿಗೆ ಕಾನೂನು!" ಎಂದು ಮೇಳ ಹಿಡಿಯಿತು, ಹಿಂದಿನ ಸೀಟಿನಲ್ಲಿ ಸೆಮ್ಮೊ "ಭಲೇ!" ಅಂದ. ಆಗ ಆ ಎಲ್ಲ ದನಿಗಳ ನೆತ್ತಿಯ ಮೇಲೆ ತೆಳ್ಳಗೆ, ಚೂಪಾಗಿ, ಮೇಲುದನಿಯೊಂದು ಎದ್ದಿತು. ಮೇಳಕ್ಕೆ ಅದು ಒಂದೇ ಇರುತ್ತದೆ, ಅದಿಲ್ಲದಿದ್ದರೆ ಹಾಡು ಹಾಡಲ್ಲ. ವಾಸ್ಸಾ ಕನ್ನಡಿ ನೋಡಬೇಕಾಗಿರಲಿಲ್ಲ. ಬೆನ್ನ ಹಿಂದೆ ನಿಂತು, ಸೀಟಿನ ಕಂಬಿ ಹಿಡಿದು, ಒಕ್ಸಾ ಅತ್ತೆ ಹಾಡುತ್ತಿದ್ದಳು. ಬೈಯುವ ಮುದುಕಿಯ ಬಾಯಲ್ಲಿ ಹುಡುಗಿಯ ದನಿ. ವಾಸ್ಸಾಳ ಗಂಟಲಲ್ಲಿ ಬೆಳಗಿನಿಂದ ಇದ್ದದ್ದು ಎಲ್ಲಿ ಹೋಯಿತೋ, ಹುಡುಕಲು ಪುರುಸೊತ್ತಿರಲಿಲ್ಲ. ಸಾಲುಗಳು ಬರುತ್ತಿದ್ದವು, ಒಂದರ ಹಿಂದೊಂದು, ದೂಡಿಕೊಂಡು.

*ಹಾಸಿಲ್ಲ ಬಟ್ಟೆ, ಬಡಿಸಿಲ್ಲ ಗೋಧಿ,*
*ಹಾಸುವೆನು ದನಿಯ, ಬಡಿಸುವೆನು ಉಸಿರ.*
*ಗೂಟ ನೆಟ್ಟರು ತಾಯೇ, ಗೆರೆ ಎಳೆದರು ತಾಯೇ,*
*ಗೂಟಕ್ಕೆ ಕಿವಿಯಿಲ್ಲ, ಗೆರೆಗೆ ಬಾಯಿಲ್ಲ...*

ದಿಣ್ಣೆಯ ಮೇಲೆ ಕೂತವರು ಎದ್ದು ನಿಂತರು. ನೀಲಿ ತಲೆವಸ್ತ್ರದ ಒಬ್ಬ ಹೆಂಗಸು, ಕೈಯಲ್ಲಿ ಅರ್ಧ ಸುಲಿದ ಮೊಟ್ಟೆ, ಚರಂಡಿಯ ತನಕ ಓಡಿ ಬಂದಳು. ಸೈನಿಕ ಕೂಗುತ್ತಲೇ ಇದ್ದ, ಅವನ ಜೊತೆಯವನು ಬಸ್ಸಿನ ಗಾಲಿಗಳನ್ನೇ ನೋಡುತ್ತಿದ್ದ. ಗಾಲಿ ತಿರುಗುತ್ತಿತ್ತು. ತಿರುಗುವ ಗಾಲಿಯ ಮೇಲೆ ಯಾವ ಒಪ್ಪಂದವೂ ಏನೂ ಮಾಡುವಂತಿಲ್ಲ. ವಾಸ್ಸಾ ಕತ್ತು ತಿರುಗಿಸಿದಳು. ನೇರವಾಗಿ, ಪೂರ್ತಿಯಾಗಿ, ಮೂರು ವರ್ಷ ನೋಡದೇ ಇದ್ದುದನ್ನೆಲ್ಲ ಸೇರಿಸಿ ನೋಡಿದಳು. ಅಮ್ಮಾ, ಅವತ್ತು ಗೇಟಿನಲ್ಲಿ ನನಗೆ ಹಗುರಾಯಿತು. ಆಗಲಿ ಬಿಡೇ, ಈಗ ಎತ್ತು ಅಂದಂತಾಯಿತು, ಅಮ್ಮನೇ ಅಂದಳೋ, ಅಮ್ಮ ಹೀಗೆಯೇ ಅನ್ನುತ್ತಿದ್ದಳೆಂದು ಅವಳಿಗೇ ಗೊತ್ತಿದ್ದದ್ದೋ. ಮದುಮಗಳು ಕೊನೆಗೆ ಹೇಳಬೇಕಾದ್ದು, ನಾನು ಹೊರಟೆ ತಾಯೇ, ಹೊಸ ಮನೆಗೆ ಹೊರಟೆ ಎಂದು. ಆದರೆ ಇಲ್ಲಿ ಹೊರಡಬೇಕಾದವಳು ತಾನಲ್ಲ. ಹೊಸ್ತಿಲಲ್ಲಿ ಕೂತವಳು ತಾನಲ್ಲ. ಹಳೆಯ ಸಾಲನ್ನು ಅವಳು ಬುಡಮೇಲು ಮಾಡಿ ಎತ್ತಿದಳು:

*ಏಳು ನನ್ನ ತಾಯೇ, ಹೊಸ್ತಿಲು ದಾಟು ತಾಯೇ,*
*ಒಳಗೆ ಹೋಗು ತಾಯೇ, ಹೊಸ ಸೊಸೆಯಾಗಿ!*

ಮೇಳ ಬಾಲ ಹಿಡಿಯಿತು. ಬಸ್ಸು ಜೋಡಿ ಶಿಲುಬೆಯನ್ನು ದಾಟಿತು. ಬಾಲ ಹಿಡಿದವರು ಬಸ್ಸಿನೊಳಗೆ ಇದ್ದವರಷ್ಟೇ ಅಲ್ಲ ಎಂದು ವಾಸ್ಸಾಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಚರಂಡಿಯಾಚೆಯಿಂದ, ನೀಲಿ ತಲೆವಸ್ತ್ರದವಳು, ಅವಳ ಹಿಂದೆ ಸ್ಮೊಲ್ನ್ಯಾದ ಮುದುಕಿಯರು, *ಹೊಸ ಸೊಸೆಯಾಗಿ, ಹೊಸ ಸೊಸೆಯಾಗಿ* ಎನ್ನುತ್ತಿದ್ದರು. 'ಸೊಸೆ' ಎನ್ನುವಲ್ಲಿ ಅಮ್ಮ ಎಳೆಯುತ್ತಿದ್ದ ಹಾಗೆಯೇ ಎಳೆದರು, ಆ ಊರಿನ ಎಳೆತವೇ ಹಾಗೆ. ಈ ಕಡೆಯವರು ಬಿಟ್ಟಲ್ಲಿ ಆ ಕಡೆಯವರು ಹಿಡಿದರು. ಕನ್ನಡಿಯಲ್ಲಿ ಕೊನೆಯದಾಗಿ ಕಂಡದ್ದು, ನೀಲಿ ತಲೆವಸ್ತ್ರದವಳು ತಲೆಯಿಂದ ಬಟ್ಟೆ ಬಿಚ್ಚಿ, ಬರ್ಚ್ ಮರದ ಕಡೆಗೆ ನಡೆದು, ಆ ಹುಲ್ಲಿನ ಮೇಲೆ ಹಾಸಿ, ಅರ್ಧ ಸುಲಿದ ಮೊಟ್ಟೆಯನ್ನು ಅದರ ಮೇಲಿಟ್ಟದ್ದು. ಅವಳು ಯಾರು ಎಂದು ವಾಸ್ಸಾಳಿಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

ಆಮೇಲೆ ಎರಡನೇ ಗೇರು, ಮೂರನೇ ಗೇರು, ಪೈನ್ ಮರಗಳು, ಕೆಂಪು ಹಸಿರು ಗೂಟ, ನೀಲಿ ಫಲಕ. ಫಲಕ ದಾಟಿ ಬಸ್ಸನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ ವಾಸ್ಸಾ ಕೈ ತೆಗೆದಳು. ಕೆನ್ನೆ ಒದ್ದೆಯಾಗಿತ್ತು, ಅಳುತ್ತಿದ್ದೇನೆಂದು ಅವಳಿಗೆ ಅನ್ನಿಸಲಿಲ್ಲ. ಎದೆಯೊಳಗೆ ಯಾರೋ ಕಿಟಕಿ ಬಾಗಿಲನ್ನೆಲ್ಲ ತೆಗೆದು ಮನೆ ಗುಡಿಸಿದ ಹಾಗಿತ್ತು. ಗೆದ್ದೆ, ಅಂದುಕೊಂಡಳು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ, ಆದರೆ ಗೆದ್ದದ್ದು ಖಂಡಿತ.

ಒಕ್ಸಾ ಅತ್ತೆ ಸೀಟಿನ ಸಂದಿಯಿಂದ ಬಾಗಿ, ಅವಳ ಮುಖವನ್ನೇ ನೋಡಿದಳು.

"ಅಲ್ಲ ಕಣೇ ದರಿದ್ರದವಳೇ, ನನ್ನ ಜನ್ಮದಲ್ಲಿ ಇಂಥದ್ದು ಕೇಳಿಲ್ಲ. ತಾಯಿಗೆ ಅಳು ಅಂದ್ರೆ, ತಾಯೀನ ಮದುವೆ ಮಾಡಿ ಕಳಿಸ್ಬಿಟ್ಟಲ್ಲೇ!"

ಫೆಕ್ಲಾ ಮೊದಲು ಕಿಸಕ್ಕೆಂದಳು. ಕಣ್ಣೀರು ಒರೆಸುತ್ತಿದ್ದ ತಲೆವಸ್ತ್ರದ ತುದಿಯಲ್ಲೇ ಬಾಯಿ ಮುಚ್ಚಿಕೊಂಡಳು, ಆದರೂ ತಡೆಯಲಾಗಲಿಲ್ಲ. ಬೆಳ್ಳಿ ಸರಗಳೆಲ್ಲ ಕುಲುಕಿದವು.

"ಮದುವೆ ಸರಿ," ಸೆಮ್ಮೊ ಹಿಂದಿನಿಂದ ಕೂಗಿದ. "ಗಂಡು ಯಾರು?"

ವಾಸ್ಸಾ ಕನ್ನಡಿಯಲ್ಲಿ ಅವನನ್ನು ನೋಡಿದಳು. ಉತ್ತರ ಬಾಯಲ್ಲಿ ಸಿದ್ಧವಾಗಿತ್ತು.

"ಇನ್ಯಾರು ಮಾವ, ನಮ್ಮಪ್ಪನೇ. ಪಕ್ಕದಲ್ಲೇ ಕಾಯ್ತಾ ಮಲಗಿದಾನಲ್ಲ!"

ಬಸ್ಸೇ ಉರುಳಿ ಬೀಳುವ ಹಾಗೆ ನಗು ಎದ್ದಿತು. ಒಕ್ಸಾ ಅತ್ತೆ ನಕ್ಕು ನಕ್ಕು, ಕೆಮ್ಮಿ, ಸೀಟಿಗೆ ಕುಸಿದು ಕೂತು, ಸೆಮ್ಮೊನ ಬಾಟಲಿ ಕಸಿದು ಒಂದು ಗುಟುಕು ಕುಡಿದು, ಇನ್ನೊಂದು ಗುಟುಕನ್ನು ಕಿಟಕಿಯಿಂದ ಗಡಿಯ ಕಡೆಗೆ ಚೆಲ್ಲಿದಳು. ಆಮೇಲೆ ಚಾಲಕಿಯ ಹೆಗಲನ್ನು ಬೆರಳಲ್ಲಿ ತಿವಿದಳು.

"ಹಂಗಾದ್ರೆ ಸುಮ್ನೆ ಹೋಗಕ್ಕಾಗಲ್ಲ. ಮದುವೆ ಆದ್ಮೇಲೆ ದಿಬ್ಬಣದ ಹಾಡು ಬೇಕು. ಎತ್ತೇ ಇರಿನ್ಯಾ ಮಗಳೇ, ನಾವು ಹಿಡೀತೀವಿ."

ವಾಸ್ಸಾ ಗಾಡಿ ಸ್ಟಾರ್ಟ್ ಮಾಡಿ, ಎತ್ತಿದಳು.